ಹೆಂಟೆಯ ಮೇಲೆ ನಡೆಯುವ ಕಾಲು

ಚೈತ್ರದ ಬಿಸಿಲಲ್ಲಿ ನವಲಗುಂದ ಸೀಮೆಯ ಎರಿಹೊಲವೊಂದರಲ್ಲಿ ಇಪ್ಪತ್ತು ಹೆಜ್ಜೆ ನಡೆದು ನೋಡಿ. ಮಾಗಿ ಉಳುಮೆ ಮಾಡಿ ಬಿಟ್ಟ ಹೊಲ. ಮಗುಚಿ ಬಿದ್ದ ಹೆಂಟೆಗಳು ಒಂದೊಂದೂ ತೆಂಗಿನಕಾಯಿ ಗಾತ್ರ, ಒಣಗಿ ಕಲ್ಲಾಗಿವೆ. ನಡುನಡುವೆ ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳು. ಪೇಟೆಯಿಂದ ಬಂದವರು ನಾಲ್ಕನೆಯ ಹೆಜ್ಜೆಗೇ ತಡವರಿಸುತ್ತಾರೆ. ಅದೇ ಹೊಲದಲ್ಲಿ ತಲೆಯ ಮೇಲೆ ಬುತ್ತಿ ಗಂಟು, ಕಂಕುಳಲ್ಲಿ ನೀರಿನ ಕೊಡ ಇಟ್ಟುಕೊಂಡ ಹೆಣ್ಣುಮಗಳು ಕೆಳಗೆ ನೋಡದೆಯೇ ಮಾತಾಡುತ್ತ ನಡೆದುಹೋಗುತ್ತಾಳೆ.

ಅವಳನ್ನು ಬೀಳದಂತೆ ಕಾಯುವ ಕೀಲು ಹಿಮ್ಮಡಿಯೊಳಗೆ ಅಡಗಿದೆ. ಹರಡಿನ ಕೀಲು ಪಾದವನ್ನು ಮೇಲೆ ಕೆಳಗೆ ಆಡಿಸುತ್ತದೆ, ಅಷ್ಟೇ. ಪಾದ ಒಳಕ್ಕೂ ಹೊರಕ್ಕೂ ವಾಲಬೇಕಾದರೆ ಅದರ ಕೆಳಗಿರುವ ಇನ್ನೊಂದು ಕೀಲು ಆಡಬೇಕು. ಮೇಲೆ ಟೇಲಸ್ ಎಂಬ ಎಲುಬು, ಕೆಳಗೆ ಕ್ಯಾಲ್ಕೇನಿಯಸ್ ಎಂಬ ಹಿಮ್ಮಡಿ ಎಲುಬು, ಅವೆರಡರ ನಡುವೆ ಓರೆಯಾಗಿ ಕೂತ ನುಣುಪಾದ ಮೇಲ್ಮೈ. ಹೆಂಟೆಯ ಓರೆಗೆ ತಕ್ಕಂತೆ ಅಂಗಾಲು ವಾಲುತ್ತದೆ, ಮೊಣಕಾಲು ಮಾತ್ರ ನೆಟ್ಟಗೆ ಉಳಿಯುತ್ತದೆ. ಸಿಮೆಂಟು ನೆಲದ ಮೇಲೆ ಬದುಕುವವರಿಗೆ ಈ ಕೀಲು ಇರುವುದೇ ಗೊತ್ತಾಗದೆ ಆಯುಷ್ಯ ಕಳೆಯಬಹುದು. ಎರಿಹೊಲದವರಿಗೆ ಅದಿಲ್ಲದೆ ದಿನ ಸಾಗುವುದಿಲ್ಲ. ಹಿಮ್ಮಡಿ ಮುರಿತದ ಬಗ್ಗೆ ಮುಂದೆ ಹೇಳುವುದನ್ನೆಲ್ಲ ಈ ಹೊಲವನ್ನು ಕಣ್ಣೆದುರು ಇಟ್ಟುಕೊಂಡೇ ಓದಬೇಕೆಂದು ನನ್ನ ಬೇಡಿಕೆ. ಏಕೆಂದರೆ ಈ ಮುರಿತದ ಬಗ್ಗೆ ದೊಡ್ಡ ಅಧ್ಯಯನಗಳು ನಡೆದದ್ದು ಬೇರೆ ನೆಲದ ಮೇಲೆ ನಡೆಯುವ ಜನರ ನಡುವೆ.

ಹಿಮ್ಮಡಿ ಎಲುಬು ಮುರಿಯುವುದು ಸಾಮಾನ್ಯವಾಗಿ ಎತ್ತರದಿಂದ ಬಿದ್ದಾಗ. ನಮ್ಮ ಕಡೆ ಹಾಗೆ ಬೀಳಲು ಜಾಗಗಳಿಗೇನು ಕಡಿಮೆ? ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮೊದಲ ಮಳೆಯ ಸಪ್ಪಳ ಕೇಳಿದೊಡನೆ ಬೆಳಕಿಂಡಿ ಮುಚ್ಚಲು ಮೇಲೆ ಓಡುತ್ತಾರೆ. ಒಣಹಾಕಿದ ಮೆಣಸಿನಕಾಯಿ ಬಳಿಯಲು ಹತ್ತುತ್ತಾರೆ. ಕಣಕಿಯ ಬಣವೆ ಒಟ್ಟುವವನು ಮೇಲಿನಿಂದ ಜಾರುತ್ತಾನೆ. ಹುಣಸೆಹಣ್ಣು ಬಡಿಯುವಾಗ ಟೊಂಗೆ ಮುರಿಯುತ್ತದೆ. ಕಲಘಟಗಿಯ ಕಡೆ ಮಾವಿನ ತೋಪುಗಳಲ್ಲೂ ಹೀಗೇ. ಈಗ ಕಾಂಕ್ರೀಟ್ ಮನೆಗಳು ಏಳುತ್ತಿರುವುದರಿಂದ ಸಾರುವೆಯ ಮೇಲಿಂದ ಬೀಳುವ ಗೌಂಡಿಗಳೂ ಸೇರಿಕೊಂಡಿದ್ದಾರೆ.

ಹತ್ತು ಅಡಿ ಎತ್ತರ ಅಂದರೆ ಮಾಳಿಗೆಯಿಂದ ಅಂಗಳಕ್ಕೆ. ಅಲ್ಲಿಂದ ಬಿದ್ದ ಮೈ ನೆಲ ಮುಟ್ಟುವಾಗ ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೊಣಕಾಲು, ಸೊಂಟ ಮಡಿಸಿಕೊಂಡು ಅರ್ಧ ಮೀಟರಿನಷ್ಟು ಕುಸಿಯುತ್ತ ನಿಂತರೆ ಕಾಲುಗಳ ಮೇಲೆ ಬೀಳುವ ಸರಾಸರಿ ಒತ್ತಡ ಮೈತೂಕದ ಏಳು ಪಟ್ಟು. ಕಾಲು ಸೆಟೆದುಕೊಂಡು 5 ಸೆಂಟಿಮೀಟರಿನಲ್ಲೇ ನಿಂತುಬಿಟ್ಟರೆ ಅರವತ್ತು ಪಟ್ಟಿಗೂ ಹೆಚ್ಚು. ಗಾಬರಿಯಲ್ಲಿ ಬೀಳುವವನಿಗೆ ಮಡಿಸಿಕೊಳ್ಳಲು ಸಮಯವೆಲ್ಲಿ? ಗಾಳಿಯಲ್ಲಿ ಇರುವುದೇ ಒಂದು ಸೆಕೆಂಡಿಗಿಂತ ಕಡಿಮೆ.

ಒಣಗಿದ ಜೋಳದ ದಂಟನ್ನು ಮುರಿದು ನೋಡಿದವರಿಗೆ ಹಿಮ್ಮಡಿ ಎಲುಬಿನ ಕಟ್ಟಡ ಬೇಗ ಅರ್ಥವಾಗುತ್ತದೆ. ಹೊರಗೆ ತೆಳುವಾದ ಗಟ್ಟಿ ಸಿಪ್ಪೆ, ಒಳಗೆ ಹಗುರವಾದ ಬೆಂಡು. ದಿನದ ನಡಿಗೆಯ ಭಾರವನ್ನು ಆ ಬೆಂಡಿನ ಎಳೆಗಳು ಹಂಚಿಕೊಂಡು ಹೊರುತ್ತವೆ. ಆದರೆ ಮೇಲಿನಿಂದ ಬಂದ ಟೇಲಸ್ ಬಡಿಗನ ಬೆಣೆಯಂತೆ ಓರೆಯಾಗಿ ಹೊಕ್ಕರೆ ಸಿಪ್ಪೆ ಸೀಳುತ್ತದೆ, ಬೆಂಡು ಕುಸಿಯುತ್ತದೆ. ಎಲುಬು ಗಿಡ್ಡವಾಗುತ್ತದೆ, ಅಗಲವಾಗುತ್ತದೆ, ಹೊರಗೋಡೆ ಉಬ್ಬಿ ಹರಡಿನ ಕೆಳಗೆ ತುರುಕಿಕೊಳ್ಳುತ್ತದೆ. ಆ ನುಣುಪಾದ ಮೇಲ್ಮೈ ಒಡೆದು ಒಂದು ತುಂಡು ಒಳಗೆ ಹೂತುಹೋಗುತ್ತದೆ. ಮೈಯಲ್ಲಾಗುವ ಎಲ್ಲ ಮುರಿತಗಳಲ್ಲಿ ಹಿಮ್ಮಡಿಯದು ನೂರಕ್ಕೆ ಒಂದೆರಡು ಮಾತ್ರ. ಆ ಕೆಲವರಲ್ಲಿ ಬಹುಪಾಲಿಗೆ ಪೆಟ್ಟು ಈ ಕೀಲಿನವರೆಗೂ ಹೋಗಿರುತ್ತದೆ.

ಬಿದ್ದವನ ಸುತ್ತ ಸೇರಿದವರ ಮೊದಲ ಪರೀಕ್ಷೆ ಎಲ್ಲ ಊರಲ್ಲೂ ಒಂದೇ. ‘ಬೆರಳ ಆಡಸ್ ನೋಡೂಣ.’ ಬೆರಳು ಆಡುತ್ತವೆ. ‘ಮುರದಿಲ್ಲ ತಗೋ, ಉಳುಕೇತಿ.’ ಕಾಳಜಿಯಿಂದಲೇ ಆಡಿದ ಮಾತು, ಆದರೆ ತಪ್ಪು. ಬೆರಳಾಡಿಸುವ ಸ್ನಾಯುಗಳು ಇರುವುದು ಮೀನಗಂಡದ ಕಡೆ ಮತ್ತು ಅಂಗಾಲಿನಲ್ಲಿ. ಹಿಮ್ಮಡಿ ನುಚ್ಚುನೂರಾಗಿದ್ದರೂ ಬೆರಳು ಆಡುತ್ತವೆ. ನೋಡಬೇಕಾದದ್ದು ಬೇರೆ: ಹಿಮ್ಮಡಿ ಊರಲು ಆಗುತ್ತದೆಯೇ, ಹಿಂದಿನಿಂದ ನೋಡಿದರೆ ಒಂದು ಹಿಮ್ಮಡಿ ಇನ್ನೊಂದಕ್ಕಿಂತ ಅಗಲವಾಗಿದೆಯೇ, ಒಂದೆರಡು ದಿನದಲ್ಲಿ ಅಂಗಾಲಿನ ನಡುವೆ ನೇರಳೆ ಬಣ್ಣದ ಕಲೆ ಮೂಡಿದೆಯೇ. ಅಂಗಾಲಿಗೆ ಇಳಿದ ಆ ರಕ್ತದ ಕಲೆಯನ್ನು ಕಂಡರೆ ಎಲುಬಿನ ಡಾಕ್ಟರು ಎಕ್ಸ್-ರೇ ತೆಗೆಯುವ ಮುಂಚೆಯೇ ಹಿಮ್ಮಡಿ ಮುರಿತವನ್ನು ಊಹಿಸುತ್ತಾರೆ. ಇನ್ನೊಂದು ಮಾತು. ಹಿಮ್ಮಡಿಗೆ ಬಿದ್ದ ಪೆಟ್ಟು ಕಾಲಿನುದ್ದಕ್ಕೂ ಏರಿ ಬೆನ್ನಿಗೆ ಹೋಗುತ್ತದೆ. ಇಂಥವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಬೆನ್ನೆಲುಬಿನಲ್ಲೂ ಮುರಿತ ಇರುತ್ತದೆ. ಕಾಲಿನ ನೋವಿನ ಅಬ್ಬರದಲ್ಲಿ ನಡದ ನೋವು ಮರೆತುಹೋಗುವುದುಂಟು. ಅದನ್ನು ಬಾಯಿಬಿಟ್ಟು ಹೇಳಬೇಕು.

ಇನ್ನು ಈ ಅಧ್ಯಾಯದ ನಿಜವಾದ ವಿಷಯ: ಚರ್ಮ.

ತೊಡೆ ಮುರಿದರೆ ಎಲುಬಿನ ಸುತ್ತ ಗೇಣು ದಪ್ಪ ಮಾಂಸವಿದೆ. ಕೊಯ್ದು, ಪ್ಲೇಟು ಕೂರಿಸಿ, ಹೊಲಿಯಬಹುದು. ಹಿಮ್ಮಡಿಯ ಹೊರಮಗ್ಗುಲಲ್ಲಿ ಚರ್ಮದ ಕೆಳಗೆ ಎರಡು ನರಗಳಂಥ ಹುರಿಗಳು, ಅದರ ಕೆಳಗೆ ನೇರ ಎಲುಬು. ಅಲ್ಲಿಯ ಚರ್ಮಕ್ಕೆ ರಕ್ತ ತರುವುದು ಬಹುಮಟ್ಟಿಗೆ ಒಂದು ತೆಳ್ಳನೆಯ ರಕ್ತನಾಳ. ಪೆಟ್ಟು ಬಿದ್ದ ದಿನವೇ ಅದರ ಸುತ್ತ ಬಾವು ತುಂಬಿ ಚರ್ಮ ಮಿಂಚುವಷ್ಟು ಬಿಗಿಯುತ್ತದೆ. ಎರಡನೇ ದಿನಕ್ಕೆ ನೀರ್ಗುಳ್ಳೆಗಳು ಏಳುತ್ತವೆ, ಕೆಲವು ರಕ್ತ ತುಂಬಿಕೊಂಡು ಕಪ್ಪಾಗುತ್ತವೆ.

1990ರ ದಶಕದಿಂದ ಜಗತ್ತಿನಾದ್ಯಂತ ಒಪ್ಪಿತವಾದ ದೊಡ್ಡ ಶಸ್ತ್ರಕ್ರಿಯೆಯಲ್ಲಿ ಈ ಚರ್ಮವನ್ನೇ ಹಿಮ್ಮಡಿಯ ಹೊರಬದಿಯಲ್ಲಿ ಇಂಗ್ಲಿಷಿನ ಎಲ್ ಅಕ್ಷರದ ಆಕಾರಕ್ಕೆ ಕೊಯ್ದು, ಎಲುಬಿನಿಂದ ಬಿಡಿಸಿ, ಬಾಗಿಲು ತೆರೆದಂತೆ ಮೇಲಕ್ಕೆ ಎತ್ತುತ್ತಾರೆ. ಒಳಗಿನದೆಲ್ಲ ಕಣ್ಣಿಗೆ ನಿಚ್ಚಳ. ತುಂಡುಗಳನ್ನು ಜೋಡಿಸಿ ಪ್ಲೇಟು ಹಾಕಬಹುದು. ಕಷ್ಟ ಇರುವುದು ಆ ಎಲ್‌ನ ಮೂಲೆಯಲ್ಲಿ. ನವಲಗುಂದದವರಿಗೆ ಇದನ್ನು ವಿವರಿಸುವುದು ಸುಲಭ. ಮಲಪ್ರಭಾ ಕಾಲುವೆಯ ತುದಿಯ ಹೊಲ ಹೇಗೋ ಹಾಗೆ ಆ ಮೂಲೆ. ಕಾಲುವೆ ನಕಾಶೆಯಲ್ಲಿದೆ, ನೀರು ಮಾತ್ರ ಅಲ್ಲಿಗೆ ಮುಟ್ಟುವುದಿಲ್ಲ. ನೀರು ಮುಟ್ಟದ ಹೊಲಕ್ಕೂ ಕರ ಕಟ್ಟಿ ಅಂದದ್ದಕ್ಕೇ ಅಲ್ಲವೇ 1980ರ ಜುಲೈನಲ್ಲಿ ನರಗುಂದ, ನವಲಗುಂದಗಳ ರೈತರು ಎದ್ದು ನಿಂತದ್ದು? ರಕ್ತ ಮುಟ್ಟದ ಮೂಲೆಯೂ ಹಾಗೇ ಬಾಡುತ್ತದೆ. ಹೊಲಿಗೆ ಬಿಚ್ಚುತ್ತದೆ, ಕೀವು ಕೂರುತ್ತದೆ, ಒಳಗೆ ಪ್ಲೇಟು ಕಾಣುತ್ತದೆ. ಬೀಡಿ ಸೇದುವವರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅವರ ಸಣ್ಣ ರಕ್ತನಾಳಗಳು ಮೊದಲೇ ಸೊರಗಿರುತ್ತವೆ. ಬಾವು ಇಳಿದು ಚರ್ಮದಲ್ಲಿ ಸುಕ್ಕು ಕಾಣಿಸುವವರೆಗೆ, ಅಂದರೆ ಒಂದು ವಾರದಿಂದ ಎರಡು ವಾರ, ಕಾದು ಕೊಯ್ದರೂ ಗಾಯದ ತೊಂದರೆ ಪೂರ್ತಿ ತಪ್ಪುವುದಿಲ್ಲ.

ಈ ಕಷ್ಟ ಹೊಸದಲ್ಲ. 1908ರಲ್ಲಿ ಅಮೆರಿಕದ ಬಾಸ್ಟನ್ನಿನ ಫ್ರೆಡರಿಕ್ ಕಾಟನ್, ಹಿಮ್ಮಡಿಯನ್ನು ಕೊಯ್ಯುವ ಗೋಜಿಗೇ ಹೋಗದೆ, ಪಾದದ ಒಳಬದಿಗೆ ಮರಳಿನ ಚೀಲ ಇಟ್ಟು ಹೊರಬದಿಯಿಂದ ಸುತ್ತಿಗೆಯಲ್ಲಿ ಹೊಡೆದು ಉಬ್ಬಿದ ಗೋಡೆಯನ್ನು ಒಳತಳ್ಳುತ್ತಿದ್ದರು. ಎಂಟು ವರ್ಷಗಳ ಬಳಿಕ ಅವರೇ, ಹಿಮ್ಮಡಿ ಮುರಿದ ಕೂಲಿಕಾರನ ದುಡಿಮೆ ಮುಗಿದಂತೆಯೇ ಎಂಬರ್ಥದ ಮಾತನ್ನು ಬರೆದರು. ವಿಯೆನ್ನಾದಲ್ಲಿ ಕಾರ್ಮಿಕರಿಗಾಗಿ ಅಪಘಾತ ಆಸ್ಪತ್ರೆ ನಡೆಸಿದ ಲೊರೆಂಜ್ ಬೋಲರ್, 1931ರಲ್ಲಿ ಎಕ್ಸ್-ರೇಯ ಮೇಲೆ ಎರಡು ಗೆರೆ ಎಳೆದು ಕುಸಿತವನ್ನು ಅಳೆಯುವುದನ್ನು ಹೇಳಿಕೊಟ್ಟರು. ಆ ಗೆರೆಗಳ ನಡುವಿನ ಕೋನ ಆರೋಗ್ಯವಂತ ಹಿಮ್ಮಡಿಯಲ್ಲಿ 20ರಿಂದ 40 ಡಿಗ್ರಿ. ಎಲುಬು ಕುಸಿದಷ್ಟೂ ಅದು ಇಳಿಯುತ್ತ ಸೊನ್ನೆಗೆ, ಸೊನ್ನೆಯ ಕೆಳಗೂ ಹೋಗುತ್ತದೆ. ಇಂದಿಗೂ ಎಲ್ಲ ಕಡೆ ಡಾಕ್ಟರು ಮೊದಲು ಅಳೆಯುವುದು ಬೋಲರ್ ಕೋನವನ್ನೇ.

ನನಗೆ ಬಹಳ ಇಷ್ಟವಾಗುವ ಹೆಸರು ಪೀಟರ್ ಎಸೆಕ್ಸ್-ಲೊಪ್ರೆಸ್ಟಿಯದು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಪ್ಯಾರಾಶೂಟ್ ಪಡೆಯ ಸರ್ಜನ್. ಆಕಾಶದಿಂದ ಇಳಿಯುವ ಸೈನಿಕರ ಕಾಲುಗಳನ್ನು ಅವರಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಆಮೇಲೆ ಬರ್ಮಿಂಗ್‌ಹ್ಯಾಮ್ ಅಪಘಾತ ಆಸ್ಪತ್ರೆಯಲ್ಲಿ ಹಿಮ್ಮಡಿ ಮುರಿತಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಒಂದರಲ್ಲಿ ಕೀಲಿನ ಮೇಲ್ಮೈ ಮಾತ್ರ ಕುಸಿದು ಒಳಗೆ ಹೂತಿರುತ್ತದೆ. ಇನ್ನೊಂದರಲ್ಲಿ ಕೀಲಿನ ತುಂಡು ಹಿಂದಿನ ಎಲುಬಿಗೆ ಅಂಟಿಕೊಂಡೇ ಉದ್ದನೆಯ ನಾಲಗೆಯಂತೆ ಬಾಗಿರುತ್ತದೆ. ಈ ನಾಲಗೆಯಂಥ ತುಂಡಿಗೆ ಹಿಂದಿನಿಂದ ಒಂದು ದಪ್ಪ ಸಲಾಕೆ ಚುಚ್ಚಿ, ಅದನ್ನೇ ಮೀಟುಗೋಲು ಮಾಡಿಕೊಂಡು, ಇಡೀ ತುಂಡನ್ನು ಎತ್ತಿ ಜಾಗಕ್ಕೆ ತರಬಹುದು ಎಂದು ತೋರಿಸಿದರು. ಚರ್ಮಕ್ಕೆ ಬೀಳುವುದು ಒಂದೇ ತೂತು. ಅವರು 1951ರಲ್ಲಿ, ಮೂವತ್ತೈದರ ವಯಸ್ಸಿಗೇ ತೀರಿಕೊಂಡರು. ಲೇಖನ ಅಚ್ಚಾದದ್ದು 1952ರಲ್ಲಿ. ಅದಕ್ಕೂ ಮುಂಚೆ, 1948ರಲ್ಲಿ, ಸ್ವೀಡನ್ನಿನ ಐವಾರ್ ಪಾಮರ್ ಹರಡಿನ ಕೆಳಗೆ ಕೊಯ್ದು, ಕುಸಿದ ಮೇಲ್ಮೈಯನ್ನು ಎತ್ತಿ, ಅದರಡಿ ಎಲುಬಿನ ಚೂರು ತುಂಬಿದ್ದರು. ಇಂದು ಹೊಸತೆಂದು ಕಾಣುವ ಸಣ್ಣ ಗಾಯದ ಶಸ್ತ್ರಕ್ರಿಯೆಗೆ ಬೀಜ ಈ ಇಬ್ಬರು ಹಾಕಿದ್ದು. ಆಗ ಅವರಿಗೆ ಒಳಗನ್ನು ಕಾಣುವ ಕಣ್ಣು ಇರಲಿಲ್ಲ. ಸಿ.ಟಿ. ಸ್ಕ್ಯಾನ್ ಬಂದು, 1993ರಲ್ಲಿ ಅಮೆರಿಕದ ರಾಯ್ ಸ್ಯಾಂಡರ್ಸ್ ಕೀಲು ಎಷ್ಟು ಹೋಳಾಗಿದೆ ಎಂಬುದರ ಮೇಲೆ ನಾಲ್ಕು ದರ್ಜೆ ಮಾಡಿದರು. ಆಪರೇಶನ್ ಮೇಜಿನ ಸುತ್ತ ತಿರುಗುವ, ನಡೆಯುತ್ತಿರುವುದನ್ನು ಆಗಿಂದಾಗ್ಗೆ ಪರದೆಯಲ್ಲಿ ತೋರಿಸುವ ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರವೂ ಬಂತು.

ಈಗ ಸಣ್ಣ ಗಾಯದ ಆಪರೇಶನ್ ಹೇಗೆ ನಡೆಯುತ್ತದೆ ನೋಡೋಣ. ನಮ್ಮ ಮಾಳಿಗೆ ಮನೆಯಲ್ಲಿ ತೊಲೆ ಬಾಗಿದರೆ ಯಾರೂ ಮೇಲಿನ ಮಣ್ಣನ್ನೆಲ್ಲ ಕೆದರಿ ಹಾಕುವುದಿಲ್ಲ. ಕೆಳಗಿನಿಂದ ಟೇಕು ಕೊಟ್ಟು ಮೆಲ್ಲಗೆ ಎತ್ತುತ್ತಾರೆ, ಆಮೇಲೆ ಕಂಬ ನಿಲ್ಲಿಸುತ್ತಾರೆ. ಇಲ್ಲಿಯೂ ಅಷ್ಟೇ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ ರೋಗಿಯನ್ನು ಮಗ್ಗುಲಾಗಿ ಮಲಗಿಸುತ್ತಾರೆ. ಹಿಮ್ಮಡಿಯ ಹಿಂಭಾಗಕ್ಕೆ ಚರ್ಮದ ಮೂಲಕವೇ ಒಂದು ದಪ್ಪ ಸಲಾಕೆ ಹೋಗುತ್ತದೆ. ಅದನ್ನು ಹಿಡಿದು ಕೆಳಕ್ಕೆ, ಹಿಂದಕ್ಕೆ ಎಳೆದರೆ ಗಿಡ್ಡವಾದ ಎಲುಬು ಉದ್ದಕ್ಕೆ ಬರುತ್ತದೆ, ಒಳಕ್ಕೆ ವಾಲಿದ್ದು ನೆಟ್ಟಗಾಗುತ್ತದೆ. ಸುತ್ತಲಿನ ಕಟ್ಟುನಾರುಗಳು ಬಿಗಿದಾಗ ಸಣ್ಣ ಚೂರುಗಳು ತಾವಾಗಿ ಹತ್ತಿರ ಬರುತ್ತವೆ. ನಂತರ ಹರಡಿನ ಗಂಟಿನ ಕೆಳಗೆ, ಪಾದದ ಮುಂದಿನ ಕಡೆಗೆ, ಮೂರು ನಾಲ್ಕು ಸೆಂಟಿಮೀಟರಿನ ಒಂದು ಕೊಯ್ತ. ಅದು ಆ ತೆಳ್ಳನೆಯ ರಕ್ತನಾಳವನ್ನು ಹಿಂದಕ್ಕೆ ಬಿಟ್ಟು, ಸೀದಾ ಕೀಲಿನ ಬಾಯಿಗೆ ತೆರೆಯುತ್ತದೆ. ಆ ಕಿಂಡಿಯಿಂದ ಹೂತ ತುಂಡಿನ ಅಡಿಗೆ ಒಂದು ಚಪ್ಪಟೆ ಉಪಕರಣ ತೂರಿಸಿ, ಕೀಲಿನ ನುಣುಪನ್ನು ಕಣ್ಣಾರೆ ನೋಡುತ್ತ ಮೇಲಕ್ಕೆತ್ತುತ್ತಾರೆ. ತಂತಿಗಳಿಂದ ತಾತ್ಕಾಲಿಕವಾಗಿ ಹಿಡಿಸಿ, ಪರದೆಯಲ್ಲಿ ಬೋಲರ್ ಕೋನ ನೋಡಿ, ಸ್ಕ್ರೂಗಳನ್ನು ಬಿಗಿಯುತ್ತಾರೆ. ಕೆಲವೊಮ್ಮೆ ಒಂದು ಪುಟ್ಟ ಪ್ಲೇಟು. ಊರ ಬಾಯಲ್ಲಿ ಇದೆಲ್ಲ ಸೇರಿ ‘ರಾಡ್ ಹಾಕ್ಯಾರ’ ಎಂದಾಗುತ್ತದೆ. ನಾಲಗೆ ಬಗೆಯ ಮುರಿತವಾದರೆ ಆ ಮೂರು ನಾಲ್ಕು ಸೆಂಟಿಮೀಟರಿನ ಕೊಯ್ತವೂ ಬೇಡ, ತೂತುಗಳೇ ಸಾಕು.

ನೂರು ಚೂರಾದ ಹಿಮ್ಮಡಿಗೆ ಇದು ಸಾಲದು ಎಂಬುದನ್ನೂ ಹೇಳಬೇಕು. ಸ್ಯಾಂಡರ್ಸರ ನಾಲ್ಕನೇ ದರ್ಜೆಯಲ್ಲಿ ಕೆಲವು ಡಾಕ್ಟರು ಟೇಲಸ್, ಹಿಮ್ಮಡಿ ಎಲುಬು ಎರಡನ್ನೂ ಮೊದಲ ಆಪರೇಶನ್ನಿನಲ್ಲೇ ಬೆಸೆದುಬಿಡುವುದು ಮೇಲೆನ್ನುತ್ತಾರೆ.

ಇಷ್ಟಾಗಿ ಆಪರೇಶನ್ ಮಾಡಿಸಿಕೊಂಡವರು ಮಾಡಿಸಿಕೊಳ್ಳದವರಿಗಿಂತ ಚೆನ್ನಾಗಿರುತ್ತಾರೆಯೇ? ಈ ಪ್ರಶ್ನೆಯನ್ನು ವಿಜ್ಞಾನ ತಪ್ಪಿಸಿಕೊಂಡಿಲ್ಲ. 2002ರಲ್ಲಿ ಪ್ರಕಟವಾದ, ಕೆನಡಾದಲ್ಲಿ 424 ಜನರ ಮೇಲೆ ನಡೆದ ಅಧ್ಯಯನ ಎರಡೂ ಗುಂಪುಗಳಲ್ಲಿ ಒಟ್ಟಾರೆ ದೊಡ್ಡ ಅಂತರ ಕಾಣಲಿಲ್ಲ. ವಿವರಕ್ಕಿಳಿದಾಗ ಕಿರಿಯ ವಯಸ್ಸಿನವರಿಗೆ, ಹಗುರ ಕೆಲಸದವರಿಗೆ, ಹೆಂಗಸರಿಗೆ ಶಸ್ತ್ರಕ್ರಿಯೆಯಿಂದ ಹೆಚ್ಚು ಲಾಭ, ಭಾರದ ಕೆಲಸದವರಿಗೆ ಕಡಿಮೆ ಎಂದು ಕಂಡಿತು. 2014ರಲ್ಲಿ ಪ್ರಕಟವಾದ, ಬ್ರಿಟನ್ನಿನ 22 ಆಸ್ಪತ್ರೆಗಳಲ್ಲಿ 151 ಜನರ ಮೇಲೆ ನಡೆದ ಅಧ್ಯಯನ ಇನ್ನೂ ಕಟುವಾಗಿತ್ತು. ಎರಡು ವರ್ಷದ ನಂತರ ನೋವಿನಲ್ಲೂ ಓಡಾಟದಲ್ಲೂ ಲಾಭವಿಲ್ಲ. ತೊಂದರೆಗಳು ಮಾತ್ರ ಶಸ್ತ್ರಕ್ರಿಯೆಯವರಲ್ಲಿ ನೂರಕ್ಕೆ 23, ಇಲ್ಲದವರಲ್ಲಿ 4.

ಈ ಅಂಕಿಗಳನ್ನು ನಾನು ಗೌರವದಿಂದ ಓದುತ್ತೇನೆ. ಆದರೆ ಅಲ್ಲಿ ತೂಕಕ್ಕೆ ಹಾಕಿದ್ದು ದೊಡ್ಡ ಗಾಯದ ಶಸ್ತ್ರಕ್ರಿಯೆಯನ್ನು. ಎಲುಬು ಕೂಡಿಸಿ ಗಳಿಸಿದ್ದನ್ನು ಚರ್ಮ ಕೊಳೆತು ಕಳೆದುಕೊಂಡವರ ಲೆಕ್ಕವೂ ಅದರಲ್ಲಿದೆ. ಆಮೇಲೆ ಬಂದ ಹಲವು ಹೋಲಿಕೆಗಳಲ್ಲಿ ಸಣ್ಣ ಗಾಯದ ದಾರಿ ಎಲುಬಿನ ಜೋಡಣೆಯಲ್ಲಿ ದೊಡ್ಡದಕ್ಕೆ ಸರಿಸಮ ಎಂದೂ, ಗಾಯದ ತೊಂದರೆಯಲ್ಲಿ ಬಹಳ ಕಡಿಮೆ ಎಂದೂ ಕಂಡಿದೆ. ಇನ್ನು ನಡೆದಾಡುವುದರ ಬಗ್ಗೆ ಪ್ರಶ್ನಾವಳಿಗೆ ಉತ್ತರಿಸಿದವರು ಪಾದಚಾರಿ ದಾರಿ, ಮೆಟ್ಟಿಲು, ಕಾರ್ಖಾನೆಯ ನೆಲಗಳ ಮೇಲೆ ನಡೆಯುವವರು. ಹೆಂಟೆ ತುಳಿಯುವವನನ್ನು, ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂರಬೇಕಾದವನನ್ನು, ದಿನವಿಡೀ ಬಗ್ಗಿ ಕಳೆ ತೆಗೆಯುವವಳನ್ನು ಆ ಪ್ರಶ್ನೆಗಳು ಮುಟ್ಟುವುದಿಲ್ಲ. ಭಾರದ ದುಡಿಮೆಯವರಿಗೆ ಲಾಭ ಕಡಿಮೆ ಎಂಬ ಮಾತು ನಮ್ಮ ರೈತರಿಗೂ ತಾಗುತ್ತದೆ, ಅದನ್ನು ಮುಚ್ಚಿಡಬಾರದು. ಹಾಗೆಂದು ಅಗಲವಾಗಿ, ಓರೆಯಾಗಿ ಕೂಡಿಕೊಂಡ ಹಿಮ್ಮಡಿಯೊಂದಿಗೆ ಎರಿಹೊಲಕ್ಕೆ ಹೋಗು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಧಾರವಾಡದ ಹಳ್ಳಿಗಳಲ್ಲಿ ಸೋಲುವುದು ಹೆಚ್ಚಾಗಿ ದಿನಗಳ ಲೆಕ್ಕದಲ್ಲಿ. ದೊಡ್ಡ ಗಾಯದ ಶಸ್ತ್ರಕ್ರಿಯೆ ಬಾವು ಇಳಿಯಲಿ ಎಂದು ಕಾಯುತ್ತದೆ. ಸಣ್ಣ ಗಾಯದ್ದು ಹೆಚ್ಚು ಕಾಯಲಾರದು. ಚೂರುಗಳು ಸಡಿಲವಾಗಿರುವಾಗಲೇ ಎಳೆದರೆ ಬರುತ್ತವೆ. ಮೊದಲ ವಾರ ಒಳ್ಳೆಯದು, ಎರಡು ವಾರ ಕಳೆದರೆ ನಡುವೆ ಹೊಸ ಎಲುಬಿನ ಅಂಟು ಬೆಳೆದು ತುಂಡುಗಳು ಜಗ್ಗುವುದಿಲ್ಲ. ಆ ಒಂದು ವಾರ ನಮ್ಮಲ್ಲಿ ಎಲ್ಲಿ ಹೋಗುತ್ತದೆ? ಅರಿಷಿಣದ ಪಟ್ಟಿಗೆ, ಎಣ್ಣೆ ಹಚ್ಚಿ ತಿಕ್ಕುವುದಕ್ಕೆ, ಎಲುಬು ಕಟ್ಟುವವರ ಮನೆಯ ಬಿದಿರು ದಬ್ಬೆಗೆ. ಎಲುಬು ಕಟ್ಟುವವರ ಬಗ್ಗೆ ನನಗೆ ತಾತ್ಸಾರವಿಲ್ಲ. ಡಾಕ್ಟರೇ ಇರದ ಕಾಲದಲ್ಲಿ ಎಷ್ಟೋ ಮಂದಿಯ ಕೈಕಾಲು ಕೂಡಿಸಿದವರು ಅವರು. ಆದರೆ ಹಿಮ್ಮಡಿ ಅವರ ಕೈಗೆ ಸಿಗುವ ಎಲುಬಲ್ಲ. ಉಬ್ಬಿದ ಪಾದವನ್ನು ಬಿಗಿದು ಕಟ್ಟಿದರೆ ಉಸಿರಿಗೆ ಹೋರಾಡುತ್ತಿರುವ ಚರ್ಮ ಅಲ್ಲೇ ಸಾಯುತ್ತದೆ. ಆಮೇಲೆ ಬಂದ ಸರ್ಜನ್ನಿಗೆ ಚುಚ್ಚಲೂ ಒಳ್ಳೆಯ ಜಾಗ ಉಳಿಯುವುದಿಲ್ಲ.

ಬಿದ್ದ ದಿನ ಮಾಡಬೇಕಾದದ್ದು ಸರಳ. ಕಾಲು ಊರಬಾರದು, ತಿಕ್ಕಬಾರದು, ಬಿಗಿಯಬಾರದು. ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕೆ ಇಡಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಸಿಕ್ಕರೆ ಇಡಬಹುದು. ಬೀಡಿ, ತಂಬಾಕು ಬಿಡಬೇಕು. ಹಿಮ್ಮಡಿಯ ಹಿಂದೆ ಎಲುಬಿನ ಮೊನೆ ಚರ್ಮವನ್ನು ಒಳಗಿನಿಂದ ಒತ್ತಿ ಬಿಳಿಚಿಸಿದ್ದರೆ ವಾರವಲ್ಲ, ಗಂಟೆಗಳ ಮಾತು. ನಾಲಗೆ ಬಗೆಯ ಮುರಿತದಲ್ಲಿ ಹೀಗಾಗುತ್ತದೆ, ರಾತ್ರಿಯಾದರೂ ಹೊರಡಬೇಕು. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ನಾಲ್ಕಕ್ಕೂ ಹುಬ್ಬಳ್ಳಿ ಹತ್ತಿರ. 1957ರಲ್ಲಿ ಶುರುವಾದ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಅಲ್ಲಿದೆ. ಧಾರವಾಡದ ಸತ್ತೂರಿನಲ್ಲಿ ಎಸ್.ಡಿ.ಎಂ. ಆಸ್ಪತ್ರೆ ಇದೆ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗೇ ಒಯ್ಯುವುದನ್ನು ಮರೆಯಬಾರದು.

ಆಪರೇಶನ್ನಿನ ನಂತರದ ದಿನಗಳು ಉದ್ದ. ಬೆರಳು, ಹರಡು ಬೇಗ ಆಡಿಸಲು ಹೇಳುತ್ತಾರೆ, ಆದರೆ ಭಾರ ಊರುವಂತಿಲ್ಲ. ಆರು ವಾರ, ಕೆಲವರಿಗೆ ಹನ್ನೆರಡು ವಾರ. ಮುಂಗಾರಿನ ಬಿತ್ತಿಗೆ ಹೊತ್ತಿಗೆ ಬಿದ್ದವನಿಗೆ ಇದು ಒಂದಿಡೀ ಬೆಳೆಯ ಲೆಕ್ಕ. ಕೆಸರಂಗಳದಲ್ಲಿ ಊರುಗೋಲು ಜಾರುತ್ತದೆ. ನೆಲಕ್ಕೆ ಕೂರುವ ಪಾಯಖಾನೆಗೆ ನಡುವೆ ತೂತಿರುವ ಖುರ್ಚಿ ಬೇಕು. ಬಿತ್ತಲಿಕ್ಕೆ ಅಣ್ಣತಮ್ಮಂದಿರು, ಬೀಗರು, ಓಣಿಯವರು ಬರಬೇಕು. ಎಷ್ಟು ಚೆನ್ನಾಗಿ ಜೋಡಿಸಿದರೂ ಕೀಲು ಸ್ವಲ್ಪ ಬಿಗಿಯಾಗಿಯೇ ಉಳಿಯುತ್ತದೆ. ಸುಧಾರಣೆ ವರ್ಷ, ಒಂದೂವರೆ ವರ್ಷದವರೆಗೆ ನಿಧಾನವಾಗಿ ಬರುತ್ತಿರುತ್ತದೆ.

ಎಕ್ಸ್-ರೇಯಲ್ಲಿ ಎಲುಬು ಕೂಡಿದ ಗುರುತು ಕಂಡ ದಿನ ರೋಗಿ ಕೇಳುವ ಪ್ರಶ್ನೆ ಒಂದೇ. ‘ಸಾಹೇಬ್ರ, ಹೊಲಕ್ಕ ಯಾವಾಗ ಹೋಗ್ಲ್ರಿ?’ ಮೊದಲು ಮನೆಯೊಳಗೆ ಗೋಡೆ ಹಿಡಿದು, ಆಮೇಲೆ ಅಂಗಳದಲ್ಲಿ, ನಂತರ ಊರ ರಸ್ತೆಯಲ್ಲಿ ನಡೆಯಬೇಕು. ಹೊಲಕ್ಕೆ ಹೋದರೆ ಮೊದಲ ತಿಂಗಳು ಬದುವಿನ ಮೇಲೆ ಮಾತ್ರ. ಉಳುಮೆಯಾದ ನೆಲಕ್ಕೆ ಇಳಿಯುವುದು ಕೊನೆಗೆ, ಒಂದು ಮಳೆ ಬಿದ್ದು ಹೆಂಟೆಗಳು ಕರಗಿದ ಮೇಲೆ.